ಚುನಾವಣಾ ಆಯುಕ್ತೆ ಆಗೋಕೆ ಯಾವ ಪರೀಕ್ಷೆ?

ಪ್ರಶ್ನೆ: ಮಗಳು ಕಾನೂನು ಓದುತ್ತಿದ್ದಾಳೆ. ಮುಂದೆ ಚುನಾವಣಾ ಆಯುಕ್ತೆ ಆಗ್ತೀನಿ ಅಂತಾಳೆ. ಯಾವ ಪರೀಕ್ಷೆ ಬರೆಯಬೇಕು? ಹೆಂಗಸರು ಯಾರಾದರೂ ಆ ಹುದ್ದೆಗೆ ಹೋಗಿದ್ದಾರಾ?

ಉತ್ತರ: ನಿಮ್ಮ ಮಗಳ ಮಾತು ಓದಿ ನಿಜಕ್ಕೂ ಖುಷಿಯಾಯಿತಮ್ಮ. ಹೆಂಗಸರೂ ಆ ಹುದ್ದೆಗೆ ಹೋಗಿದ್ದಾರೆ. ವಿ.ಎಸ್. ರಮಾದೇವಿ ನೆನಪಿದ್ದಾರಲ್ವಾ? 1999ರಿಂದ 2002ರವರೆಗೆ ನಮ್ಮ ರಾಜ್ಯಪಾಲರಾಗಿದ್ದವರು. ಅವರು 1990ರ ನವೆಂಬರ್ 26ರಂದು ದೇಶದ ಮುಖ್ಯ ಚುನಾವಣಾ ಆಯುಕ್ತರಾದರು. ಡಿಸೆಂಬರ್ 12ಕ್ಕೆ ಅವರ ಜಾಗಕ್ಕೆ ಟಿ.ಎನ್. ಶೇಷನ್ ಬಂದರು. ಬರೀ 16 ದಿನ! ಆಮೇಲೆ ಆ ಕುರ್ಚಿಯಲ್ಲಿ ಇನ್ನೊಬ್ಬ ಮಹಿಳೆ ಕೂತಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಆದರೆ ಆ 16 ದಿನವನ್ನಷ್ಟೇ ನೋಡಬೇಡಿ. ರಮಾದೇವಿ ಕಾನೂನು ಓದಿದವರು, ಕೇಂದ್ರದ ಕಾನೂನು ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವರು. ಮುಂದೆ ರಾಜ್ಯಸಭೆಯ ಮಹಾಕಾರ್ಯದರ್ಶಿಯಾದ ಮೊದಲ ಮಹಿಳೆಯೂ ಅವರೇ. ಕಾಯ್ದೆ ಗೊತ್ತಿದ್ದದ್ದೇ ಅವರ ಬಲ.

ಈ ಹುದ್ದೆಗೆ ನೇರ ಪರೀಕ್ಷೆ ಇಲ್ಲ. 2023ರ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಕಾರ್ಯದರ್ಶಿ ಮಟ್ಟದಲ್ಲಿ ಕೆಲಸ ಮಾಡಿದವರನ್ನು ಮಾತ್ರ ಆರಿಸುತ್ತಾರೆ. ಪ್ರಧಾನಿ, ಒಬ್ಬ ಕೇಂದ್ರ ಸಚಿವ, ಲೋಕಸಭೆಯ ವಿರೋಧ ಪಕ್ಷದ ನಾಯಕ ಸೇರಿದ ಸಮಿತಿ ಹೆಸರು ಸೂಚಿಸುತ್ತದೆ, ರಾಷ್ಟ್ರಪತಿ ನೇಮಿಸುತ್ತಾರೆ. ಅಂದರೆ ಮೊದಲು ಐಎಎಸ್‌ನಂಥ ಸೇವೆಗೆ ಸೇರಿ, ದಶಕಗಟ್ಟಲೆ ಕೆಲಸ ಮಾಡಬೇಕು.

ಇನ್ನೊಂದು ದಾರಿಯೂ ಇದೆ, ಜನ ಅದನ್ನು ಸುಮ್ನೆ ಮರೆತುಬಿಡ್ತಾರೆ. ಪಂಚಾಯಿತಿ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಮಹಾರಾಷ್ಟ್ರದಲ್ಲಿ ನೀಲಾ ಸತ್ಯನಾರಾಯಣ್ ಅಲ್ಲಿನ ಮೊದಲ ಮಹಿಳಾ ಆಯುಕ್ತರಾಗಿದ್ದರು. 1972ರ ಬ್ಯಾಚಿನ ಐಎಎಸ್ ಅಧಿಕಾರಿ, ಜೊತೆಗೆ ಕವಯಿತ್ರಿ. ನಮ್ಮ ಊರಿನ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಇರುವಾಗ ಆ ಚುನಾವಣೆ ನಡೆಸುವ ಕುರ್ಚಿಯಲ್ಲೂ ಹೆಂಗಸರು ಜಾಸ್ತಿ ಇರಲಿ ಅನ್ನೋದು ನನ್ನ ಆಸೆ.

ಟೀಚರ್ ಆಗಿದ್ದಾಗ ನಾನು ಮತಗಟ್ಟೆ ಡ್ಯೂಟಿ ಮಾಡಿದವಳು. ಸಂಜೆ ಮತದಾನ ಮುಗಿದ ಮೇಲೆ 17ಸಿ ಫಾರ್ಮ್ ತುಂಬಿ, ಎಷ್ಟು ಮತ ಬಿತ್ತು ಅನ್ನೋ ಲೆಕ್ಕದ ಪ್ರತಿಯನ್ನು ಪಕ್ಷಗಳ ಏಜೆಂಟರ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು. ಚುನಾವಣೆ ಮೇಲಿನ ನಂಬಿಕೆ ಇಂಥ ಕಾಗದಗಳ ಮೇಲೇ ನಿಂತಿದೆ. ನಿಮ್ಮ ಮಗಳು ಈಗಲೇ 1951ರ ಜನಪ್ರತಿನಿಧಿ ಕಾಯ್ದೆಯನ್ನು ತೆಗೆದು ಓದಲಿ. ಪದವಿ ಮುಗಿದು 21 ತುಂಬಿದ್ದರೆ ಐಎಎಸ್‌ಗೆ ಆರಿಸುವ ಯುಪಿಎಸ್‌ಸಿ ಪರೀಕ್ಷೆಗೆ ಅರ್ಜಿ ಹಾಕಬಹುದು.