ಜಿಪಿಎಸ್ ಜಾಮ್ ಮಾಡಿದರೆ ಬಾಂಬ್ ವಾಪಸ್ ಬರಲ್ಲ!

ವಾಯುಪಡೆಯಲ್ಲಿ ವಿಮಾನಗಳಿಗೆ ಆಯುಧ ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು ನಾನು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ನಂತರ ಕುವೆಂಪುನಗರದ ಪಾರ್ಕಿನಲ್ಲೂ ಜನ ಬಿಡುತ್ತಿಲ್ಲ. ಮತ್ತೆ ಮತ್ತೆ ಅವೇ ಪ್ರಶ್ನೆಗಳು.

ಸರ್, ದೂರದಿಂದ ಬಿಡುವ ಬಾಂಬುಗಳು ಜಿಪಿಎಸ್ ನಂಬಿಕೊಂಡು ಹೋಗುತ್ತವಂತೆ. ಶತ್ರು ಅದನ್ನು ಜಾಮ್ ಮಾಡಿದರೆ ತಿರುಗಿ ನಮ್ಮ ಮೇಲೇ ಬೀಳುತ್ತಾ? (ಮಂಡ್ಯದ ಓದುಗರು)

ಬೀಳಲ್ಲ. ಯಾವುದೋ ಯೂಟ್ಯೂಬ್ ಪಂಡಿತ ಅನಿಮೇಷನ್ ಹಾಕಿ ಕೆಂಪು ಬಾಣ ತಿರುಗಿಸಿದ್ದಾನೆ, ನೀವು ನಂಬಿದ್ದೀರಿ. ಜಾಮಿಂಗ್ ಅಂದರೆ ಬರೀ ಗದ್ದಲ. ಬಾಂಬಿನ ಚುಕ್ಕಾಣಿ ಅದರಿಂದ ಶತ್ರುವಿನ ಕೈಗೆ ಹೋಗಲ್ಲ.

ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ತೀರಾ ದುರ್ಬಲ, ಅದನ್ನು ಅಡಗಿಸುವುದು ಸುಲಭ. ಯುಕ್ರೇನಿನಲ್ಲಿ ಅಮೆರಿಕದ ಜಿಪಿಎಸ್ ಬಾಂಬುಗಳು ಹೀಗೇ ಗುರಿ ತಪ್ಪಿದವು. ಆದರೆ ಇವುಗಳ ಹೊಟ್ಟೆಯಲ್ಲಿ ಇನ್ನೊಂದು ಯಂತ್ರ ಇರುತ್ತೆ: ಜಡತ್ವ ಸಂಚಾಲನ, ಅಂದರೆ ತನ್ನ ಚಲನೆಯನ್ನು ತಾನೇ ಅಳೆದು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುವುದು. ಕರೆಂಟ್ ಹೋದಾಗ ಹೆಜ್ಜೆ ಎಣಿಸಿಕೊಂಡು ಅಡುಗೆಮನೆ ತಲುಪುತ್ತೇವಲ್ಲ, ಹಾಗೆ. ಹೊತ್ತು ಜಾಸ್ತಿಯಾದಷ್ಟೂ ಲೆಕ್ಕ ಜಾರುತ್ತೆ. ಅಮೆರಿಕದ ಜೆಡ್ಯಾಮ್ ಬಾಂಬಿಗೆ ಜಿಪಿಎಸ್ ಇದ್ದರೆ ಗುರಿಯಿಂದ 5 ಮೀಟರ್ ಒಳಗೆ, ಇಲ್ಲದಿದ್ದರೆ 30 ಮೀಟರ್ ಒಳಗೆ ಅಂತ ಅವರೇ ಹೇಳಿದ್ದಾರೆ. 5 ಮೀಟರ್ ಅಂದರೂ ಎಲ್ಲ ಬಾಂಬೂ ಅದರೊಳಗೇ ಬೀಳುತ್ತೆ ಅಂತಲ್ಲ, ಅರ್ಧದಷ್ಟು ಬೀಳುತ್ತೆ ಅಂತ. ಇದನ್ನು ಯಾವ ಚಾನೆಲ್ಲೂ ಹೇಳಲ್ಲ.

ರಫೇಲ್ ಹೊರುವ ಸ್ಕಾಲ್ಪ್ ಕ್ಷಿಪಣಿಯ ಕತೆ ಬೇರೆ. 250 ಕಿ.ಮೀ. ಹೋಗಲು ಅದಕ್ಕೆ ಕಾಲು ಗಂಟೆ ಬೇಕು. ಬರೀ ಲೆಕ್ಕ ನಂಬಿದರೆ ಕೆಟ್ಟಿತು. ಅದಕ್ಕೇ ಕೆಳಗಿನ ನೆಲದ ಏರುತಗ್ಗು ಅಳೆದು ತನ್ನೊಳಗಿನ ನಕ್ಷೆಗೆ ಹೋಲಿಸುತ್ತೆ. ಕೊನೆಗೆ ಶಾಖ ಗುರುತಿಸುವ ಕ್ಯಾಮೆರಾ ತೆರೆದು ಗುರಿಯ ಚಿತ್ರ ತಾಳೆ ನೋಡುತ್ತೆ. ಇಸ್ರೇಲಿನ ಸ್ಪೈಸ್ ಬಾಂಬ್ ಕೂಡ ಚಿತ್ರ ಹೋಲಿಸುವ ಜಾತಿಯದೇ.

ನನ್ನ ಕೇಳಿದರೆ ಜಾಮಿಂಗ್‌ಗಿಂತ ದೊಡ್ಡ ಭಯ ತಪ್ಪು ವಿಳಾಸ. 1999ರ ಮೇ 7ರಂದು ಬೆಲ್‌ಗ್ರೇಡ್‌ನಲ್ಲಿ ಅಮೆರಿಕದ ಬಿ-2 ವಿಮಾನ ಹಾಕಿದ ಬಾಂಬುಗಳು ಕೊಟ್ಟ ಜಾಗಕ್ಕೇ ಬಿದ್ದವು. ಆ ಜಾಗದಲ್ಲಿದ್ದದ್ದು ಚೀನಾದ ರಾಯಭಾರ ಕಚೇರಿ. ಮೂವರು ಸತ್ತರು. ಹಳೆಯ ನಕ್ಷೆ, ದಾಳಿ ಮಾಡಬಾರದ ಜಾಗಗಳ ಸರಿಯಾಗಿ ತಾಳೆ ನೋಡದ ಪಟ್ಟಿ. ಬಾಂಬ್ ತನ್ನ ಕೆಲಸ ಅಚ್ಚುಕಟ್ಟಾಗಿಯೇ ಮಾಡಿತ್ತು.

ಸುಖೋಯ್ ಒಮ್ಮೆಗೇ 5 ಬ್ರಹ್ಮೋಸ್ ಹೊರುತ್ತಾ?

ಇಲ್ಲ. ಒಂದೇ, ಹೊಟ್ಟೆಯಡಿ. ಅದರ ತೂಕವೇ ಎರಡೂವರೆ ಟನ್.

ರಫೇಲ್ ಹೊರುವ ಹ್ಯಾಮರ್ ಬಾಂಬನ್ನು ಮೈಸೂರಿನ ಮೇಲೆ ಬಿಟ್ಟರೆ ಮಂಡ್ಯ ದಾಟುತ್ತಾ?

ವಿಮಾನ ಎಷ್ಟು ಎತ್ತರದಲ್ಲಿದೆ? ಅದನ್ನು ಹೇಳದೆ ದೂರ ಕೇಳಬೇಡಿ.

ಟಿಪ್ಪುವಿನ ರಾಕೆಟ್ಟೇ ಮೊದಲ ಗೈಡೆಡ್ ಮಿಸೈಲ್ ಅಲ್ವಾ? (ಶ್ರೀರಂಗಪಟ್ಟಣದ ಓದುಗರು)

ಅಲ್ಲ. ಕಬ್ಬಿಣದ ಕೊಳವೆ, ಬಿದಿರಿನ ಕೋಲು. ಬ್ರಿಟಿಷರು ನಕಲು ಮಾಡುವಷ್ಟು ಒಳ್ಳೆಯ ರಾಕೆಟ್. ಆದರೆ ಬಿಟ್ಟ ಮೇಲೆ ಅದರ ಪಾಡಿಗೆ ಅದು.

ನಮ್ಮ ಬಾಂಬುಗಳು ನಿಜವಾಗಿ ಎಷ್ಟು ಮೀಟರ್ ನಿಖರ?

ಹೇಳಲ್ಲ. ವಾಕಿಂಗ್‌ನಲ್ಲಿ ಕೇಳಿದರೂ ಹೇಳಲ್ಲ.

ಮಿಸೈಲ್ ಟೆಕ್ನಾಲಜಿ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಒಂದು ಕೋಚಿಂಗ್ ಸೆಂಟರ್ ನನ್ನ ಮಗನ ಹತ್ತಿರ ದುಡ್ಡು ಕೇಳುತ್ತಿದೆ. ಕಟ್ಟಲೇ?

ಕಟ್ಟಬೇಡಿ, ಸುಮ್ನೆ ದಂಡ. ಎಂಜಿನಿಯರಿಂಗ್ ಸರಿಯಾಗಿ ಓದಲಿ, ಗೇಟ್ ಪರೀಕ್ಷೆ ಬರೆಯಲಿ. ಕ್ಷಿಪಣಿ ತಯಾರಿಸುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ನೋಡುವುದು ಆ ಅಂಕವನ್ನು. ಈಗಾಗಲೇ ಮುಂಗಡ ಕೊಟ್ಟಿದ್ದರೆ ರಸೀದಿ ಹಿಡಿದುಕೊಂಡು ನಾಳೆಯೇ ಹೋಗಿ ವಾಪಸ್ ಕೇಳಿ.