ವೈಫೈ ಬೇಡ, ಕೇಬಲ್ಲೇ ಎಳೆಸಿ
ತೀರ್ಥಹಳ್ಳಿ ಕಡೆ ಮನೆ, ಅಪ್ಪ ಅಮ್ಮ ಇಬ್ಬರೇ, ಅಡಿಕೆ ಅಂಗಳಕ್ಕೂ ಸೇರಿ 4 ಸಿಸಿಟಿವಿ ಕ್ಯಾಮೆರಾ, ವೈಫೈದು ಸಾಕಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ. ಬ್ಯಾಟರಿ, ಸೋಲಾರ್‌ದು ಬಿಟ್ಟರೆ ವೈಫೈ ಅಂದರೂ ಕರೆಂಟಿನ ವೈರು ಎಳೆಯಲೇಬೇಕು ಅಲ್ವಾ? ಮೇಲಾಗಿ ಹಳೇ ಮನೆಯ ದಪ್ಪ ಗೋಡೆ ದಾಟಿ ಸಿಗ್ನಲ್ ಅಂಗಳ ಮುಟ್ಟುವುದೇ ಕಷ್ಟ.

ಅಂಗಡಿಯಲ್ಲಿ ಪಿಒಇ ಕ್ಯಾಮೆರಾ ಕೇಳಿ. ಒಂದೇ ಕೇಬಲ್ಲಿನಲ್ಲಿ ಕರೆಂಟೂ ವಿಡಿಯೋನೂ ಹೋಗುತ್ತದೆ, 100 ಮೀಟರ್ ತನಕ. ಎನ್‌ವಿಆರ್ (ವಿಡಿಯೋ ರೆಕಾರ್ಡ್ ಮಾಡಿ ಡಿಸ್ಕಿನಲ್ಲಿಡುವ ಪೆಟ್ಟಿಗೆ), ಪಿಒಇ ಸ್ವಿಚ್ (ಕ್ಯಾಮೆರಾ ಕೇಬಲ್‌ಗಳೆಲ್ಲ ಬಂದು ಸೇರುವ, ಅವಕ್ಕೆ ಕರೆಂಟು ಕೊಡುವ ಪೆಟ್ಟಿಗೆ), ರೂಟರ್ ಮೂರನ್ನೂ ಇನ್ವರ್ಟರ್‌ಗೆ ಕೊಟ್ಟುಬಿಟ್ಟರೆ ಮಳೆಗಾಲದಲ್ಲಿ ಕರೆಂಟು ಹೋದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ, ಇಂಟರ್‌ನೆಟ್ ಇಲ್ಲದಿದ್ದರೂ ಅಷ್ಟೇ.

ಡಿಸ್ಕ್ ಲೆಕ್ಕ ಹೀಗೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹಗಲೂ ರಾತ್ರಿ ರೆಕಾರ್ಡ್ ಆದರೆ ದಿನಕ್ಕೆ ಸುಮಾರು 21 ಜಿಬಿ. ನಾಲ್ಕಕ್ಕೆ 1 ಟಿಬಿ ಹಾಕಿಸಿದರೆ 11 ದಿನ ಬರುತ್ತದೆ, ಹಾಗಾಗಿ 2 ಟಿಬಿ ತಗೊಳ್ಳಿ. 8 ಮೆಗಾಪಿಕ್ಸೆಲ್ ಎಲ್ಲ ಸುಮ್ನೆ ಖರ್ಚು.

ಸಿಡಿಲಿನ ಬಗ್ಗೆ ಮಾತ್ರ ಉದಾಸೀನ ಬೇಡ. ಅಂಗಳದ ಕೇಬಲ್‌ಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿಗೆ ನುಗ್ಗುವ ಕರೆಂಟನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿ ಸರಿಯಾಗಿ ಅರ್ಥಿಂಗ್ ಮಾಡಿಸಿ, ನಮ್ಮಲ್ಲಿ ಒಂದೇ ಸಿಡಿಲಿಗೆ ಸ್ವಿಚ್ಚಿನ ಎರಡು ಪೋರ್ಟ್ ಹೋದವು. ಕ್ಯಾಮೆರಾ, ಎನ್‌ವಿಆರ್ ಪಾಸ್‌ವರ್ಡ್ ನೀವೇ ಬದಲಿಸಿ, ಹಾಕಲು ಬಂದವರಿಗೆ ಬಿಡಬೇಡಿ.

ಆಮೇಲೆ ಜೇಡ! ಕ್ಯಾಮೆರಾ ಮುಂದೆ ಬಲೆ ಕಟ್ಟಿದರೆ ರಾತ್ರಿ ಬರೀ ಬಿಳಿ ಕಾಣುತ್ತದೆ. ಕೈಗೆ ಎಟುಕದಷ್ಟು ಎತ್ತರ, ಆದರೆ ಪೊರಕೆಗೆ ಎಟುಕುವಷ್ಟು ಕೆಳಗೆ ಹಾಕಿಸಿ.