ಬಾವುಟ ಕಟ್ಟುವ ಗಂಟು, ಬಾವುಟ ಇಳಿಸುವ ಹೊತ್ತು

ಪ್ರಶ್ನೆ: ಮೇಷ್ಟ್ರೇ, ನಮ್ಮದು ಸಣ್ಣ ಊರು. ಈ ಆಗಸ್ಟ್ 15ಕ್ಕೆ ಯುವಕರ ಸಂಘದಿಂದ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಬಾವುಟ ಹಾರಿಸಬೇಕು ಅಂತಿದ್ದೇವೆ. 2026ರದ್ದು 79ನೇ ಸ್ವಾತಂತ್ರ್ಯ ದಿನವೋ 80ನೆಯದೋ ಅಂತ ಬ್ಯಾನರ್ ಬರೆಸುವಾಗಲೇ ವಾದ ಶುರುವಾಯಿತು. ಅದೇ ಕಂಬಕ್ಕೆ ಕನ್ನಡ ಬಾವುಟವನ್ನೂ ಕಟ್ಟಬಹುದಾ? ಇನ್ನೇನು ನೋಡಿಕೊಳ್ಳಬೇಕು?
– ಸಂಘದ ಕಾರ್ಯದರ್ಶಿ, ಮಂಡ್ಯ ಜಿಲ್ಲೆ

ಉತ್ತರ: ಮೊದಲು ಲೆಕ್ಕ ಮುಗಿಸೋಣ. 1947ರ ಆಗಸ್ಟ್ 15 ಮೊದಲನೇ ಸ್ವಾತಂತ್ರ್ಯ ದಿನ. ಹಾಗಾಗಿ 2026ರದ್ದು 80ನೆಯದು. ತುಂಬಿರುವ ವರ್ಷ ಮಾತ್ರ 79. ಎರಡೂ ಕಡೆಯವರು ಅರ್ಧರ್ಧ ಸರಿ. ಬ್ಯಾನರಿನಲ್ಲಿ ‘80ನೇ ಸ್ವಾತಂತ್ರ್ಯ ದಿನ’ ಅಂತಲೇ ಬರೆಸಿ.

ಕನ್ನಡ ಬಾವುಟ ನನಗೂ ಪ್ರಾಣ. ಆದರೆ ಒಂದೇ ಕಂಬದಲ್ಲಿ ರಾಷ್ಟ್ರಧ್ವಜದ ಜೊತೆ ಇನ್ನೊಂದು ಬಾವುಟ ಹಾರಿಸುವಂತಿಲ್ಲ. ಪಕ್ಕದಲ್ಲಿ ಸರಿಸಮವಾಗಿಯೂ ಬೇಡ. ಅದಕ್ಕೆ ನವೆಂಬರ್ 1 ಇದೆ, ಅಲ್ವಾ? ಅವತ್ತು ಇದೇ ಸರ್ಕಲ್ಲಿನಲ್ಲಿ ಜೋರಾಗಿ ಮಾಡಿ. ಸರ್ಕಲ್ ಅಂದರೆ ಸಾರ್ವಜನಿಕ ಜಾಗ, ಪಂಚಾಯ್ತಿಯಲ್ಲಿ ಮೊದಲೇ ಒಂದು ಅರ್ಜಿ ಕೊಟ್ಟುಬಿಡಿ. ಅಲಂಕಾರಕ್ಕೆ ಮಾವಿನ ತೋರಣ, ಹೂವು ಸಾಕು. ಬಾವುಟಗಳನ್ನೇ ದಾರಕ್ಕೆ ಪೋಣಿಸಿ ತೋರಣ ಕಟ್ಟಬೇಡಿ, ಬಾವುಟದ ಮೇಲೆ ಸಂಘದ ಹೆಸರನ್ನೂ ಬರೆಸಬೇಡಿ. ಎರಡೂ ಧ್ವಜ ಸಂಹಿತೆಗೆ ವಿರುದ್ಧ.

ಇನ್ನು ನೀವು ಕೇಳದೇ ಇರುವ ವಿಷಯ ಹೇಳುತ್ತೇನೆ, ಯಾಕೆಂದರೆ ಎಡವಟ್ಟಾಗುವುದು ಅಲ್ಲೇ. ಗಂಟು!

ನಾನು ಡ್ರಿಲ್ ಮೇಷ್ಟ್ರಾಗಿ ಸೇರಿದ ಮೊದಲ ವರ್ಷ. ಅತಿಥಿಯಾಗಿ ಬಂದವರು ಊರಿನ ಹಿರಿಯ ಸ್ವಾತಂತ್ರ್ಯ ಹೋರಾಟಗಾರರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಧ್ವಜ ಸತ್ಯಾಗ್ರಹ ನಡೆದಾಗ ಹುಡುಗನಾಗಿ ಆ ಜನರ ಮಧ್ಯೆ ನಿಂತಿದ್ದವರು. ನಾನು ರಾತ್ರಿಯೇ ಬಾವುಟ ಕಟ್ಟಿ ಮೇಲೇರಿಸಿಬಿಟ್ಟಿದ್ದೆ. ಬೆಳಗಿನ ಜಾವ ಸೋನೆ ಮಳೆ. ಹತ್ತಿ ಹಗ್ಗ ನೆನೆದು ಉಬ್ಬಿ, ಗಂಟು ಕಚ್ಚಿಕೊಂಡಿತ್ತು. ಅವರು ಎಳೆದರು, ಬಿಚ್ಚಲಿಲ್ಲ. ಇನ್ನೊಮ್ಮೆ ಎಳೆದರು, ಇಲ್ಲ. ಮಕ್ಕಳೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅವರು ಒಂದು ಮಾತೂ ಬಯ್ಯಲಿಲ್ಲ. ನಿಧಾನವಾಗಿ ಬಾವುಟ ಇಳಿಸಿಕೊಂಡು, ನೆಲಕ್ಕೆ ತಾಗದ ಹಾಗೆ ಎಡತೋಳಿನ ಮೇಲೆ ಹಾಕಿಕೊಂಡು, ಉಗುರಿನಿಂದ ಗಂಟು ಬಿಡಿಸಿ, ನನ್ನನ್ನು ಹತ್ತಿರ ಕರೆದು ಮತ್ತೆ ಕಟ್ಟಿ ತೋರಿಸಿದರು. ಅವರ ಕೈ ನಡುಗುತ್ತಿತ್ತು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಅವರು ಕಲಿಸಿದ್ದು ಇಷ್ಟು. ಕೇಸರಿ ಕಡೆಯ ಕುಣಿಕೆ ಮೇಲಿನ ಹಗ್ಗಕ್ಕೆ, ಹಸಿರು ಕಡೆಯದು ಕೆಳಗಿನ ಹಗ್ಗಕ್ಕೆ. ಕಟ್ಟುವ ಮೊದಲು ಇದನ್ನು ಇಬ್ಬರು ನೋಡಬೇಕು. ಬಾವುಟವನ್ನು ಉದ್ದಕ್ಕೆ ಮಡಚಿ, ನಡುವೆ ಒಂದು ಹಿಡಿ ಬಿಡಿ ಹೂವಿನ ಎಸಳು ಇಟ್ಟು ಸುತ್ತಿ. ಎಸಳಿಗೆ ಸಂಹಿತೆಯಲ್ಲೇ ಅವಕಾಶವಿದೆ. ಜಾಸ್ತಿ ತುಂಬಿದರೆ ಮಾತ್ರ ಬಾವುಟ ಭಾರವಾಗುತ್ತದೆ. ಆಮೇಲೆ ಕೆಳಗಿನ ಹಗ್ಗವನ್ನೇ ಎರಡು ಸುತ್ತು ಸುತ್ತಿ, ಅದರದೇ ಒಂದು ಕುಣಿಕೆಯನ್ನು ಆ ಸುತ್ತಿನೊಳಗೆ ತೂರಿಸಿ. ತುದಿಯನ್ನು ತೂರಿಸಬೇಡಿ, ಅದು ಗಂಟಾಗುತ್ತದೆ. ಕುಣಿಕೆ ಮಾತ್ರ. ಒಂದೇ ಎಳೆತಕ್ಕೆ ಜಾರಬೇಕು. ನೈಲಾನ್ ಹಗ್ಗ ತಂದುಕೊಳ್ಳಿ, ಮಳೆಗೆ ಹತ್ತಿಯಷ್ಟು ಕಚ್ಚುವುದಿಲ್ಲ. ರಾಟೆಗೆ ಎರಡು ಹನಿ ಎಣ್ಣೆ ಬಿಡಿ. ಹದಿನಾಲ್ಕನೇ ತಾರೀಖು ಸಂಜೆ ಬೇರೆ ಬಟ್ಟೆ ಕಟ್ಟಿ ಹತ್ತು ಸಲ ಎಳೆದು ನೋಡಿ. ಬಾವುಟವನ್ನು ಬೆಳಗ್ಗೆಯೇ ಕಟ್ಟಿ.

ಜನಗಣಮನವನ್ನು ದಯವಿಟ್ಟು ಮೊಬೈಲಿನಲ್ಲಿ ಹಾಕಬೇಡಿ. 52 ಸೆಕೆಂಡು, ಎಲ್ಲರೂ ಬಾಯಿಬಿಟ್ಟು ಹಾಡಿ.

ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಬೆಳಗ್ಗೆ ಫೋಟೋಕ್ಕೆ ನೂರು ಜನ ಇರುತ್ತಾರೆ, ಸಂಜೆ ಇಳಿಸಲು ಒಬ್ಬನೂ ಇರುವುದಿಲ್ಲ. 2022ರ ಜುಲೈನಲ್ಲಿ ಆದ ತಿದ್ದುಪಡಿಯಿಂದ ಜನಸಾಮಾನ್ಯರು ರಾತ್ರಿಯೂ ಹಾರಿಸಬಹುದು, ನಿಜ. ಆದರೆ ಸರ್ಕಲ್ಲಿನಲ್ಲಿ ರಾತ್ರಿ ಗಾಳಿ ಮಳೆಗೆ ಅದನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಮಾತು ಕೇಳಿ, ಸೂರ್ಯ ಮುಳುಗುವ ಮೊದಲೇ ಇಳಿಸಿ. ಇಳಿಸುವ ಇಬ್ಬರ ಹೆಸರನ್ನು ಈಗಲೇ ಬರೆದಿಡಿ. ಕೇಸರಿ, ಹಸಿರು ಎರಡನ್ನೂ ಬಿಳಿಯ ಅಡಿಗೆ ಮಡಚಿ, ಚಕ್ರ ಮೇಲೆ ಕಾಣುವ ಹಾಗೆ ಎರಡೂ ಅಂಗೈ ಮೇಲೆ ಹೊತ್ತು ತನ್ನಿ.

ಹೊಸ ಬಾವುಟ ಕೊಳ್ಳುವುದಾದರೆ ಖಾದಿಯದ್ದೇ ಕೊಳ್ಳಿ ಅನ್ನುವುದು ನನ್ನ ಆಸೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕೂತು ಹೊಲಿಯುವ ಬಾವುಟ ದೇಶದ ಮೂಲೆಮೂಲೆಗೂ ಹೋಗುತ್ತದೆ. ನಮ್ಮ ಸರ್ಕಲ್ಲಿಗೆ ಬರಬಾರದೇ?

ಪ್ರಶ್ನೆ: 2022ರಲ್ಲಿ ಮನೆ ಮನೆಗೂ ಬಾವುಟ ಕಟ್ಟಿದಾಗ ತಂದ ಪಾಲಿಯೆಸ್ಟರ್ ಬಾವುಟದ ಅಂಚು ಕಿತ್ತುಹೋಗಿದೆ. ಎಸೆಯಲು ಮನಸ್ಸಿಲ್ಲ, ಕಟ್ಟಲೂ ಆಗುವುದಿಲ್ಲ. ಏನು ಮಾಡಲಿ?
– ಗೃಹಿಣಿ, ಚನ್ನಪಟ್ಟಣ

ಉತ್ತರ: ಎಸೆಯದೇ ಇಟ್ಟುಕೊಂಡಿದ್ದೀರಲ್ಲ ತಾಯಿ, ಅದೇ ಸರಿ. ಹರಿದದ್ದನ್ನು ಮತ್ತೆ ಹಾರಿಸಬಾರದು, ಒರೆಸುವ ಬಟ್ಟೆಯಂತೂ ಮಾಡಲೇಬಾರದು. ತುಂಡು ಮಾಡದೆ, ಇಡಿಯಾಗಿ, ಯಾರ ಕಣ್ಣಿಗೂ ಬೀಳದ ಕಡೆ ಗೌರವದಿಂದ ಸುಡಬಹುದು, ಇಲ್ಲವೇ ಗೌರವ ಕೆಡದ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬಹುದು. ಪಾಲಿಯೆಸ್ಟರ್ ಸುಟ್ಟರೆ ಕರಗಿ ಅಂಟುತ್ತದೆ, ಹೊಗೆಯೂ ಕೆಟ್ಟದ್ದು. ನಾನಾಗಿದ್ದರೆ ಒಗೆದು, ಮಡಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಹಿತ್ತಲಲ್ಲಿ ಯಾರೂ ತುಳಿಯದ ಜಾಗದಲ್ಲಿ ಹೂಳುತ್ತಿದ್ದೆ.

ಇನ್ನೊಂದು ಕೆಲಸ ಒಪ್ಪಿಸಲೇ? ಆಗಸ್ಟ್ 16ರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ನಿಮ್ಮ ಬೀದಿಯಲ್ಲಿ ಒಂದು ಸುತ್ತು ಬನ್ನಿ. ಚರಂಡಿ ಪಕ್ಕ, ಶಾಲೆ ಗೇಟಿನ ಹತ್ತಿರ ಕಾಗದದ ಬಾವುಟಗಳು ಬಿದ್ದಿರುತ್ತವೆ. ನಮ್ಮ ಶಾಲೆಯ ಮಕ್ಕಳು ಪ್ರತಿ ವರ್ಷ ಒಂದು ಬಿದಿರು ಬುಟ್ಟಿ ತುಂಬಾ ಆರಿಸಿ ತರುತ್ತಿದ್ದರು. ಮಣ್ಣಾಗಿದ್ದನ್ನು ಒರೆಸಿ, ಒಂದರ ಮೇಲೊಂದು ಜೋಡಿಸಿ ಕೊಡುತ್ತಿದ್ದರು. ಯಾರೂ ಹೇಳಿರಲಿಲ್ಲ, ಚಕ್ರ ಮೇಲೆ ಬರುವ ಹಾಗೇ ಜೋಡಿಸಿರುತ್ತಿದ್ದರು.